ಒಂದು ಪಾಟಾ ತೆಗೆದ ಮೇಲೆ ನೆಲ ಹಿಡಿದ ಹೆರಾಲ್ಡ್

ಕಲಘಟಗಿ ದಾಟಿದ ಮೇಲೆ ಒಂದು ಬಲ ತಿರುವು. ಸಣ್ಣ ಮಳೆ ಬಂದು ನಿಂತಿತ್ತು. ವೇಗ 50ರ ಮೇಲೇನೂ ಇರಲಿಲ್ಲ. ತಿರುವಿನ ನಡುವೆ ಎಮ್ಮೆಯೊಂದು ಕಂಡಿತು, ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಅಷ್ಟೇ, ಬ್ರೇಕ್ ಕೂಡ ಮುಟ್ಟಿರಲಿಲ್ಲ. ಗಾಡಿಯ ಹಿಂಭಾಗವನ್ನು ಯಾರೋ ಕೆಳಗಿನಿಂದ ಎತ್ತಿದ ಹಾಗಾಯಿತು. ಎದ್ದದ್ದೇ ತಡ, ಎಡಕ್ಕೆ ಜಾರಿತು. ಸ್ಟೇರಿಂಗ್ ತಿರುಗಿಸಿ ಹೇಗೋ ಸರಿ ಮಾಡಿದೆ. ಎಮ್ಮೆ ಕದಲಲಿಲ್ಲ. ಪಕ್ಕದಲ್ಲಿ ಕೂತಿದ್ದ ತಮ್ಮ ಮಾತ್ರ, "ಅಣ್ಣಾ, ಇದು ಕಾರ್ ಅಲ್ಲೋ, ಲಗಾಮಿಲ್ಲದ ಕುದುರಿ" ಅಂದ.

ನನ್ನ ಗಾಡಿ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಗದಗಿನ ಒಬ್ಬ ವಕೀಲರ ಹಿತ್ತಲಲ್ಲಿ ತಾಡಪಾಲಿನ ಕೆಳಗೆ ಇದ್ದದ್ದನ್ನು ತಂದಿದ್ದು. ಬ್ರಿಟನ್ನಿನ ಟ್ರಯಂಫ್ 1959ರಲ್ಲಿ ಹೆರಾಲ್ಡ್ ಹೊರತಂದಿತು, 1961ರಿಂದ ಮದರಾಸಿನಲ್ಲೂ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾಯಿತು. 948 ಸಿಸಿ ಇಂಜಿನ್, ಇಡೀ ಬಾನೆಟ್ಟು ಮುಂದಕ್ಕೆ ಮಗುಚಿಕೊಳ್ಳುತ್ತದೆ. ಇದನ್ನು ಸ್ಪೋರ್ಟ್ಸ್ ಕಾರ್ ಅಂದರೆ ಕೆಲವರು ನಗುತ್ತಾರೆ. ನಗಲಿ. 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಇದೇ ಹೆರಾಲ್ಡ್‌ನ ಚಾಸಿಸ್ ಕತ್ತರಿಸಿ ಗಿಡ್ಡ ಮಾಡಿ ಕಟ್ಟಿದ ಗಾಡಿ. ಎರಡಕ್ಕೂ ಗೆರೆ ಎಳೆದವನು ಇಟಲಿಯ ಮಿಕೆಲೊಟ್ಟಿ. ಸ್ಪಿಟ್‌ಫೈರ್‌ಗೆ ಇದ್ದ ಗುಣವೂ ರೋಗವೂ ಇದಕ್ಕೂ ಇವೆ.

ರೋಗ ಇರುವುದು ಹಿಂದೆ. ನಮ್ಮ ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಹಿಂದಿನ ಆ್ಯಕ್ಸಲ್ ಒಂದೇ ದಿಮ್ಮಿ, ಚಕ್ಕಡಿಯ ಅಚ್ಚಿನ ಹಾಗೆ. ಹೆರಾಲ್ಡ್‌ನಲ್ಲಿ ಡಿಫರೆನ್ಶಿಯಲ್, ಅಂದರೆ ಇಂಜಿನ್ನಿನ ಬಲವನ್ನು ಎರಡೂ ಹಿಂಚಕ್ರಕ್ಕೆ ಹಂಚುವ ಗೇರಿನ ಡಬ್ಬಿ, ಚಾಸಿಸ್ಸಿಗೇ ಬಿಗಿದಿರುತ್ತದೆ. ಎರಡು ಬದಿಗೂ ಒಂದೊಂದು ಅರ್ಧ ಶಾಫ್ಟ್, ಬಾಗಿಲ ಹಾಗೆ ಒಂದು ತುದಿಯಲ್ಲಿ ಮಾತ್ರ ಮಡಚುತ್ತದೆ. ಡಿಫರೆನ್ಶಿಯಲ್ ತಲೆಯ ಮೇಲೆ ಒಂದೇ ಒಂದು ಪಾಟಾ ಕಟ್ಟು (ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಉಕ್ಕಿನ ಪಟ್ಟಿಗಳು), ಅದೂ ಅಡ್ಡಡ್ಡ. ಇದಕ್ಕೆ ಸ್ವಿಂಗ್ ಆ್ಯಕ್ಸಲ್ ಅಂತಾರೆ. ಗಾಡಿಯ ಹಿಂಭಾಗ ಎದ್ದರೆ ಶಾಫ್ಟುಗಳು ಕೆಳಕ್ಕೆ ಬಾಗುತ್ತವೆ, ಚಕ್ರಗಳ ಬುಡ ಒಳಕ್ಕೆ ಸೇರುತ್ತದೆ. ಗರಡಿ ಮನೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಪೈಲ್ವಾನ ಕಾಲು ಅಗಲಿಸಿ ನಿಂತರೆ ಎತ್ತಿನ ಹಾಗೆ ಗಟ್ಟಿ. ಕಾಲು ಕೂಡಿಸಿ ನಿಂತರೆ ಹುಡುಗ ತಳ್ಳಿದರೂ ಬೀಳುತ್ತಾನೆ. ತಿರುವಿನಲ್ಲಿ ಕಾಲು ತೆಗೆದಾಗ ಭಾರ ಮುಂದಕ್ಕೆ ಹೋಯಿತು, ಹಿಂಭಾಗ ಎದ್ದಿತು, ಹೊರಗಿನ ಚಕ್ರ ಬುಡ ಒಳಗೆ ಮಾಡಿಕೊಂಡು ಗಾಡಿಯನ್ನು ಇನ್ನಷ್ಟು ಎತ್ತಿತು. ಟಯರಿನ ಅಂಚಷ್ಟೇ ನೆಲದ ಮೇಲೆ. ಜಾರದೆ ಏನು ಮಾಡೀತು?

ಇದಕ್ಕೆ ನಾನೇ ತುಪ್ಪ ಸುರಿದಿದ್ದೆ. ಗಾಡಿ ತಂದ ಹೊಸತರಲ್ಲಿ ಹಿಂಭಾಗ ಕೂತಿದೆ ಅನಿಸಿ ಒಂದು ಗರಾಜಿಗೆ ಬಿಟ್ಟಿದ್ದೆ. "ಒಂದ ಪಾಟಾ ಜಾಸ್ತಿ ಹಾಕಿದ್ರ ಎದ್ದ ನಿಲ್ಲತೈತ್ರಿ" ಅಂದರು. ಹಾಕಿದರು, ಎದ್ದು ನಿಂತಿತು. ನನಗೂ ಖುಷಿ. ಹೆಚ್ಚು ಪಾಟಾ ಅಂದರೆ ಹೆಚ್ಚು ಗಟ್ಟಿ, ಹೆಚ್ಚು ಗಟ್ಟಿ ಅಂದರೆ ಹೆಚ್ಚು ಸ್ಪೋರ್ಟಿ ಅಂತ ನನ್ನ ಲೆಕ್ಕ. ಲಾರಿಗೆ ಆ ಲೆಕ್ಕ ಸರಿ. ಸ್ವಿಂಗ್ ಆ್ಯಕ್ಸಲ್ ಗಾಡಿಯನ್ನು ಎತ್ತಿ ನಿಲ್ಲಿಸುವುದು ಅಂದರೆ ಪೈಲ್ವಾನನ ಕಾಲು ಕಟ್ಟಿದ ಹಾಗೆ.

ಕಲಘಟಗಿಯಿಂದ ಬಂದ ಮರುದಿನ ಅಳತೆ ಹಿಡಿದೆ. ಹೈಟೆಕ್ ಏನಿಲ್ಲ, ಗೌಂಡಿಗಳ ತೂಗುಗುಂಡು ಸಾಕು. ಚಕ್ರದ ಪಕ್ಕ ದಾರ ಇಳಿಬಿಟ್ಟು ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಎಷ್ಟು ದೂರ ಅಂತ ಸ್ಕೇಲಿನಲ್ಲಿ ನೋಡುವುದು. ನಮ್ಮ 13 ಇಂಚಿನ ರಿಮ್ಮಿನಲ್ಲಿ ಅಂಚಿನಿಂದ ಅಂಚಿಗೆ ಸುಮಾರು 350 ಮಿ.ಮೀ. ಅಂದರೆ 6 ಮಿ.ಮೀ. ವ್ಯತ್ಯಾಸಕ್ಕೆ ಒಂದು ಡಿಗ್ರಿ. ಎರಡು ಮಾತು ನೆನಪಿಡಿ. ಜ್ಯಾಕ್ ಇಳಿಸಿದ ತಕ್ಷಣ ಅಳೆಯಬೇಡಿ, ಆಗ ಚಕ್ರಗಳು ಈಗ ತಾನೇ ಹುಟ್ಟಿದ ಕರುವಿನ ಕಾಲಿನ ಹಾಗೆ ನಿಂತಿರುತ್ತವೆ. ಗಾಡಿಯನ್ನು ಹಿಂದೆ ಮುಂದೆ ನಾಲ್ಕಾರು ಅಡಿ ತಳ್ಳಿದ ಮೇಲೇ ತಮ್ಮ ಜಾಗಕ್ಕೆ ಬರುತ್ತವೆ. ಇನ್ನೊಂದು, ಡ್ರೈವರ್ ಸೀಟಿನಲ್ಲಿ ಭಾರ ಇರಬೇಕು. ನಾನು ಒಂದು ಚೀಲ ಜೋಳ ಕೂರಿಸಿದ್ದೆ. ಹಿಂದಿನ ಚಕ್ರಗಳಲ್ಲಿ 18 ಮಿ.ಮೀ. ಬಂತು, ಬುಡ ಒಳಗೆ. ಮೂರು ಡಿಗ್ರಿ, ಅದೂ ನಿಂತಲ್ಲೇ!

ಪಾಟಾ ಬಿಚ್ಚುವುದು ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ, ಮೂರಾಯಿತು. ಹಿಂದಿನ ಸೀಟು ಎತ್ತಿ ಮುಚ್ಚಳ ತೆಗೆದರೆ ಡಿಫರೆನ್ಶಿಯಲ್ ಮೇಲಿನ ನಟ್ಟುಗಳು ಕಾಣುತ್ತವೆ, ಅವು ಸುಲಭ. ಸತಾಯಿಸುವುದು ಪಾಟಾದ ಎರಡು ಕಿವಿಗಳಲ್ಲಿರುವ ಬೋಲ್ಟು. ಬೋಲ್ಟು ಕೂರುವ ರಬ್ಬರ್ ಬುಶ್‌ನೊಳಗಿನ ಕೊಳವೆಗೆ ತುಕ್ಕು ಹಿಡಿದು ಒಂದೇ ಆಗಿರುತ್ತವೆ. ದಿನಕ್ಕೆ ಎರಡು ಸಲ ಡೀಸೆಲ್ ಹನಿಸಿ, ನಾಲ್ಕನೇ ದಿನ ಬಲಗಡೆಯದು ಬಂತು. ಎಡಗಡೆಯದನ್ನು ಕತ್ತರಿಸಿದೆ. ಚಾಸಿಸ್ಸಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡದೆ, ಬರೀ ಜ್ಯಾಕ್ ನಂಬಿ ಈ ಕೆಲಸಕ್ಕೆ ಕೈ ಹಾಕಬೇಡಿ. ಕಟ್ಟು ಅಡ್ಡಲಾಗಿ, ಚಕ್ರದ ಗೂಡಿನಿಂದ ಹೊರಗೆ ಬರುತ್ತದೆ.

ಅದನ್ನು ಹೊತ್ತುಕೊಂಡು ಲಾರಿ ಪಾಟಾ ಕಟ್ಟುವ ಚಾಚಾನ ಹತ್ತಿರ ಹೋದೆ. ವಿಷಯ ಹೇಳಿದೆ: ಒಂದು ಪಾಟಾ ತೆಗೆಯಬೇಕು, ಉಳಿದದ್ದರ ಬಾಗು ಸ್ವಲ್ಪ ಇಳಿಸಬೇಕು. ಅವರು ನನ್ನನ್ನು, ಪಾಟಾವನ್ನು, ಮತ್ತೆ ನನ್ನನ್ನು ನೋಡಿದರು. "ಪಾಟಾ ಹಾಕ್ರಿ ಅಂತ ಬರೋರನ್ನ ನೋಡೇನ್ರಿ ಸಾಹೇಬ್ರ. ತಗೀರಿ ಅಂತ ಬಂದೋರು ನೀವ ಮೊದಲ" ಅಂದರು. ಗ್ಯಾಸ್ ಹಚ್ಚಿ ಬಗ್ಗಿಸಿದರೆ ಬೇಗ ಆಗಲ್ವಾ ಅಂತ ಕೇಳಿದೆ. "ಬೆಂಕಿ ತೋರಿಸಿದ್ರ ಸತ್ತ ಹೋಗತೈತ್ರಿ ಅದು." ಹೌದು, ಸ್ಪ್ರಿಂಗ್ ಉಕ್ಕಿನ ಹದ ಕಾಯಿಸಿದರೆ ಕೆಡುತ್ತದೆ. ಒಂದೊಂದು ಪಾಟಾವನ್ನೂ ತಣ್ಣಗಿರುವಾಗಲೇ ಅಡಿಗಲ್ಲಿನ ಮೇಲಿಟ್ಟು ಬಡಿದು, ಒಂದರ ಮೇಲೊಂದು ಕೂರಿಸಿ ನೋಡಿ, ಮತ್ತೆ ಬಡಿದರು. ಮಧ್ಯಾಹ್ನವೆಲ್ಲ ಅದೇ ಸದ್ದು. ನಡುವಿನ ತುಕ್ಕು ತೆಗೆದು ಗ್ರೀಸ್ ಸವರಿ ಕಟ್ಟಿಕೊಟ್ಟರು. ತುಕ್ಕಿದ್ದರೆ ಪಾಟಾಗಳು ಒಂದರ ಮೇಲೊಂದು ಜಾರುವುದಿಲ್ಲ, ಇಡೀ ಕಟ್ಟು ಮರದ ತೊಲೆಯಾಗುತ್ತದೆ.

ಇಷ್ಟೇ ಸಾಲದು ಅನಿಸಿ ಹುಬ್ಬಳ್ಳಿ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಲೇತ್ ಅಂಗಡಿಯಲ್ಲಿ 20 ಮಿ.ಮೀ. ದಪ್ಪದ ಅಲ್ಯುಮಿನಿಯಂ ಬಿಲ್ಲೆ ಮಾಡಿಸಿದೆ. ಡಿಫರೆನ್ಶಿಯಲ್‌ಗೂ ಪಾಟಾಕ್ಕೂ ನಡುವೆ ಅದು ಕೂರುತ್ತದೆ. ಪಾಟಾ ಮೇಲೇರಿತು ಅಂದರೆ ಗಾಡಿ ಕೆಳಗಿಳಿಯಿತು. ಮೊದಲು ಕೇಳಿದಾಗ ಉಲ್ಟಾ ಅನಿಸುತ್ತದೆ, ಕಾಗದದ ಮೇಲೆ ಗೀಚಿ ನೋಡಿ. ಬಿಲ್ಲೆ ಬಂದರೆ ನಟ್ಟು ಕೂರುವ ಸ್ಟಡ್ಡೂ (ತಲೆಯಿಲ್ಲದ ಬೋಲ್ಟು) ಉದ್ದ ಬೇಕು ಅನ್ನುವುದು ನನಗೆ ಹೊಳೆದದ್ದು ನಟ್ಟು ಎರಡೇ ಸುತ್ತು ಹಿಡಿದಾಗ! ಮತ್ತೆ ಬಿಚ್ಚಿ ಹೈ ಟೆನ್ಸೈಲ್ ಸ್ಟಡ್ ಹಾಕಿದೆ. ಅಲ್ಲಿ ಸಾದಾ ಕಬ್ಬಿಣ ನಡೆಯುವುದಿಲ್ಲ.

ಟ್ರಯಂಫ್‌ನವರೇ 1970ರ ಸ್ಪಿಟ್‌ಫೈರ್ ಮಾರ್ಕ್ ಫೋರ್‌ನಲ್ಲಿ ಇದಕ್ಕಿಂತ ಜಾಣ ದಾರಿ ಹುಡುಕಿದರು. ಕಟ್ಟಿನಲ್ಲಿ ಒಂದು ಪಾಟಾ ಮಾತ್ರ ಬಿಗಿ, ಉಳಿದವು ನಡುವೆ ತೂಗುಮಣೆಯ ಹಾಗೆ ಆಡುತ್ತವೆ. ಗಾಡಿ ವಾಲಿದಾಗ ಹಿಂಭಾಗ ಮೆತ್ತಗಿರುತ್ತದೆ, ಗುಂಡಿಗೆ ಬಿದ್ದಾಗ ಗಟ್ಟಿ. ನಮ್ಮ ಮದರಾಸಿನವರು 1972ರ ಗೆಜೆಲ್ ಕಾರಿನಲ್ಲಿ ಸ್ವಿಂಗ್ ಆ್ಯಕ್ಸಲ್ಲನ್ನೇ ಕೈಬಿಟ್ಟು ಒಂದೇ ದಿಮ್ಮಿಗೆ ಹೋದರು. ಆ ತೂಗುವ ಕಟ್ಟು ತರಿಸುವ ಆಸೆ ಇತ್ತು. ಸಾಗಾಟದ ಖರ್ಚು ಕೇಳಿ ಸುಮ್ಮನಾದೆ.

ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಸತ್ತಿದ್ದವು, ಹೊಸದು ಹಾಕಿದೆ. ನಮ್ಮ ಕಡೆ ಇದು ಬೇರೆ ಊರಿಗಿಂತ ಮುಖ್ಯ. ಅಣ್ಣಿಗೇರಿ, ನವಲಗುಂದದ ಕಡೆಯ ರಸ್ತೆಗಳ ಕೆಳಗೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟೇ ನುಣುಪಾಗಿರಲಿ, ಉದ್ದುದ್ದ ಅಲೆ ಏಳುತ್ತದೆ. ಅಲೆಯ ತುದಿಯಲ್ಲಿ ಹಿಂಭಾಗ ಗಾಳಿಗೆ ಏಳುವುದನ್ನು ತಡೆಯುವುದು ಶಾಕ್ ಅಬ್ಸಾರ್ಬರ್ ಒಂದೇ.

ಮುಂದಿನ ಸಸ್ಪೆನ್ಷನ್ ಮೂಲದಲ್ಲೇ ಚೆನ್ನಾಗಿದೆ: ಎರಡು ವಿಶ್‌ಬೋನ್ (ಕವಲಿನಾಕಾರದ ತೋಳು), ಕಾಯಿಲ್ ಸ್ಪ್ರಿಂಗ್. ಬುಶ್ಶುಗಳನ್ನೆಲ್ಲ ಬದಲಿಸಿದೆ. ರಬ್ಬರ್ ಬುಶ್ಶಿನ ಬೋಲ್ಟುಗಳನ್ನು ಗಾಡಿ ತನ್ನ ಕಾಲ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಯಬೇಕು. ಎತ್ತಿಟ್ಟಾಗಲೇ ಬಿಗಿದರೆ ಇಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ನನಗೆ ಬೆವರಿಳಿಸಿದ್ದು ಟ್ರನಿಯನ್. ಸ್ಟೇರಿಂಗ್ ತಿರುಗುವಾಗ ಇಡೀ ಚಕ್ರ ಈ ಹಿತ್ತಾಳೆ ತುಂಡಿನ ಥ್ರೆಡ್ಡಿನೊಳಗೆ ತಿರುಗುತ್ತದೆ. ಅದಕ್ಕೆ ಬೇಕಾದದ್ದು ಗೇರ್ ಆಯಿಲ್. ನನ್ನ ಗಾಡಿಗೆ ಎಷ್ಟು ವರ್ಷದಿಂದಲೋ ಗ್ರೀಸ್ ತುಂಬಿದ್ದರು, ಅದು ಒಣಗಿ ಸುಣ್ಣವಾಗಿತ್ತು. ನೀರು ಸೇರಿ ಒಳಗಿನ ಉಕ್ಕಿನ ದಂಡಕ್ಕೆ ತುಕ್ಕು ಹತ್ತಿದರೆ ಒಂದು ದಿನ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ಅದಕ್ಕೆ ವೇಗವೂ ಬೇಕಿಲ್ಲ, ಮನೆ ಮುಂದೆ ತಿರುಗಿಸುವಾಗಲೂ ಆಗಬಹುದು. ಬೇರೆ ಜೋಡಿ ಚೆನ್ನೈನ ಪುದುಪೇಟೆಯಲ್ಲಿ ಸಿಕ್ಕಿತು. ಎಡದ್ದಕ್ಕೂ ಬಲದ್ದಕ್ಕೂ ಥ್ರೆಡ್ ಬೇರೆ ಬೇರೆ, ನೋಡಿ ತನ್ನಿ. ಈಗ ಎರಡು ತಿಂಗಳಿಗೊಮ್ಮೆ ಇಪಿ 90 ಆಯಿಲ್ ಒತ್ತುತ್ತೇನೆ. ಇಡೀ ಕೆಲಸದಲ್ಲಿ ಒಂದನ್ನೇ ಮಾಡಲು ಸಾಧ್ಯ ಅಂದಿದ್ದರೆ ನಾನು ಇದನ್ನೇ ಮಾಡುತ್ತಿದ್ದೆ, ಪಾಟಾ ಆಮೇಲೆ.

ಎಲ್ಲ ಕಟ್ಟಿ, ಜೋಳದ ಚೀಲ ಕೂರಿಸಿ, ತೂಗುಗುಂಡು ಬಿಟ್ಟೆ. ಹಿಂದಿನ ಚಕ್ರಗಳು 9 ಮಿ.ಮೀ., ಈ ಸಲ ಬುಡ ಹೊರಗೆ. ಒಂದೂವರೆ ಡಿಗ್ರಿ. ಗಾಡಿಯ ಎರಡೂ ಬದಿಗೆ ಉದ್ದಕ್ಕೆ ದಾರ ಕಟ್ಟಿ ಚಕ್ರಗಳು ನೇರ ಇವೆಯಾ ನೋಡಿದಾಗ ಹಿಂದಿನ ಬಲಚಕ್ರ ಹೊರಗೆ ಮುಖ ಮಾಡಿತ್ತು. ಚಕ್ರವನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ರೇಡಿಯಸ್ ಆರ್ಮ್ ಹತ್ತಿರದ ಶಿಮ್ (ತೆಳು ತಗಡು) ಬದಲಿಸಿ ಸರಿ ಮಾಡಿದೆ. ಟಯರ್ ಗಾಳಿ ಮುಂದೆ 24, ಹಿಂದೆ 28. ಈ ಗಾಡಿಗೆ ಹಿಂದೆ ಯಾವಾಗಲೂ ಜಾಸ್ತಿ ಇರಬೇಕು.

ಮೊದಲು ಉಣಕಲ್ ಹತ್ತಿರದ ನೃಪತುಂಗ ಬೆಟ್ಟದ ತಿರುವುಗಳಲ್ಲಿ ಬೆಳಿಗ್ಗೆ ಬೇಗ ನಾಲ್ಕು ಸಲ ಹತ್ತಿ ಇಳಿದೆ. ವಾಕಿಂಗ್ ಬಂದವರು ಬೈದರು, ತಪ್ಪು ನನ್ನದೇ. ಮುಂದಿನ ವಾರ ಯಲ್ಲಾಪುರ ದಾಟಿ ಅರಬೈಲ್ ಘಾಟಿಗೆ ಹೋದೆವು. ಇಳಿಯುವಾಗ ಒಂದು ತಿರುವಿನಲ್ಲಿ ಬೇಕಂತಲೇ ಕಾಲು ತೆಗೆದೆ. ಮೂಗು ಸ್ವಲ್ಪ ಒಳಕ್ಕೆ ಸರಿಯಿತು, ಹಿಂಭಾಗ ಕೂತಲ್ಲೇ ಕೂತಿತ್ತು. ತಮ್ಮ ಬಾಗಿಲ ಹಿಡಿ ಬಿಟ್ಟಿರಲಿಲ್ಲ. ಮಾತೂ ಆಡಲಿಲ್ಲ.

ಹಾಗಂತ ರೋಗ ಪೂರ್ತಿ ಹೋಗಿಲ್ಲ. ಜೋರಾಗಿ ಬಂದು ತಿರುವಿನ ನಡುವೆ ಬ್ರೇಕ್ ತುಳಿದರೆ ಈಗಲೂ ಅದು ತನ್ನ ಹಳೆಯ ಬುದ್ಧಿ ತೋರಿಸೀತು. ಮುಂದಿನ ಚಕ್ರಗಳಿಗೆ ದಪ್ಪನೆಯ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳು) ಹಾಕುವುದು ಬಾಕಿ ಇದೆ. ಗಾಡಿ ತಗ್ಗಾಗಿದ್ದಕ್ಕೆ ಸೈಲೆನ್ಸರ್ ಬೇರೆ ನಮ್ಮ ಓಣಿಯ ಸ್ಪೀಡ್ ಬ್ರೇಕರ್‌ಗೆ ಕೆರೆಯುತ್ತದೆ. ಓರೆಯಾಗಿ ದಾಟಿಸಿದರೂ ಒಂದು ಸಲ 'ಕರ್ರ್' ಅನ್ನದೆ ಬಿಡುವುದಿಲ್ಲ. ಆ ಸದ್ದಿಗೆ ಎದುರು ಮನೆಯ ಹುಡುಗರು ಓಡಿಬಂದು ಗೇಟು ತೆಗೆಯುತ್ತಾರೆ.