ಹಳೆಯ ಯುನಿಕ್ಸ್ ಯಂತ್ರಗಳಿಗೆ ಸಿ ಪ್ರೋಗ್ರಾಂ ಹೊಂದಿಸುವಾಗ: ‘ಇಲ್ಲ’ ಎಂಬ ಉತ್ತರವನ್ನು ಓದಲು ಕಲಿತ ನನ್ನ ಅನುಭವ

2005ರ ಸುಮಾರಿಗೆ ಬೆಂಗಳೂರಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ಸಿ ಪ್ರೋಗ್ರಾಂ, ಲಾಗ್ ಕಡತಗಳನ್ನು ಓದಿ, ಬೇಕಾದ ಸಾಲುಗಳನ್ನು ಹೆಕ್ಕಿ, ಅವನ್ನು ಜಿಪ್ ಮಾಡಿ ಇನ್ನೊಂದು ಯಂತ್ರಕ್ಕೆ ಕಳುಹಿಸುವ ಕೆಲಸ ಮಾಡುತ್ತಿತ್ತು. ಅದನ್ನು ಬರೆದದ್ದು ಲಿನಕ್ಸ್‌ನಲ್ಲಿ. ಆದರೆ ಓಡಬೇಕಾಗಿದ್ದದ್ದು ಸನ್ ಕಂಪನಿಯ ಸ್ಪಾರ್ಕ್ ಯಂತ್ರಗಳ ಸೋಲಾರಿಸ್ 8, 9 ಮತ್ತು 10ರಲ್ಲಿ, ಎಚ್‌ಪಿಯ ಪಿಎ-ರಿಸ್ಕ್ ಯಂತ್ರಗಳ ಎಚ್‌ಪಿ-ಯುಎಕ್ಸ್ 11.11ರಲ್ಲಿ ಹಾಗೂ ಐಬಿಎಂನ ಎಐಎಕ್ಸ್ 5.2ರಲ್ಲಿ; ಇವೆಲ್ಲ ಯುನಿಕ್ಸ್‌ನ ಬೇರೆ ಬೇರೆ ಬಗೆಗಳು. ಆ ಯಂತ್ರಗಳನ್ನು ಬದಲಿಸುವ ಅಧಿಕಾರ ನಮಗಿರಲಿಲ್ಲ; ಅವು ಇದ್ದ ಹಾಗೆಯೇ ನಮ್ಮ ಪ್ರೋಗ್ರಾಂ ಅವುಗಳಿಗೆ ಹೊಂದಿಕೊಳ್ಳಬೇಕಿತ್ತು.

ಮೊದಲಿಗೆ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಕಂಪೈಲರ್ (ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ತಾನಾಗಿ ಕೊಡುವ ಮ್ಯಾಕ್ರೋ, ಅಂದರೆ ಯಂತ್ರದ ಹೆಸರು ಹೇಳುವ ಗುರುತು, ನೋಡಿ, ಸನ್ ಆದರೆ ಹೀಗೆ, ಎಚ್‌ಪಿ ಆದರೆ ಹಾಗೆ, ಎಐಎಕ್ಸ್ ಆದರೆ ಇನ್ನೊಂದು ಬಗೆ ಎಂದು ಕೋಡಿನೊಳಗೆ ಕವಲುಗಳನ್ನು ಹಾಕಿದೆ. ಇದು ಮುರಿದುಬಿದ್ದದ್ದು ಎಸ್‌ಟಿಡಿ-ಇಂಟ್ ಎಂಬ ಹೆಡರ್ ಕಡತದ ಬಳಿ; ಹೆಡರ್ ಎಂದರೆ ಕೋಡಿಗೆ ಬೇಕಾದ ಘೋಷಣೆಗಳಿರುವ ಕಡತ, ಇದರಲ್ಲಿರುವುದು ಪೂರ್ಣಾಂಕಗಳ ಪ್ರಕಾರಗಳು. ಅದು ಸೋಲಾರಿಸ್ 10ರಲ್ಲಿ ಇದೆ, 9ರಲ್ಲಿ ಇಲ್ಲ. ಅಲ್ಲಿ ಅದೇ ಪ್ರಕಾರಗಳನ್ನು ಇಂಟ್‌ಟೈಪ್ಸ್ ಎಂಬ ಇನ್ನೊಂದು ಹೆಡರ್‌ನಿಂದ ಪಡೆಯಬೇಕು. ಎರಡೂ ಕಡೆ ಕಂಪೈಲರ್ ಹೇಳುವ ಹೆಸರು ಮಾತ್ರ ಒಂದೇ. ಯಂತ್ರದ ಹೆಸರು ಕೇಳಿ ಅದರ ಗುಣವನ್ನು ಊಹಿಸುವ ಬದಲು ಗುಣವನ್ನೇ ನೇರವಾಗಿ ಕೇಳಬೇಕು ಎಂಬ ಮಾತು ನನಗೆ ಆಗ ಮನದಟ್ಟಾಯಿತು. 1991ರಲ್ಲಿ ಡೇವಿಡ್ ಮೆಕೆಂಜಿ ಆರಂಭಿಸಿದ ಆಟೋಕಾನ್ಫ್ ಎಂಬ ಉಪಕರಣ ನಿಂತಿರುವುದು ಇದೇ ವಿಚಾರದ ಮೇಲೆ. ಅದು ಹುಟ್ಟಿಸುವ ಕಾನ್ಫಿಗರ್ ಸ್ಕ್ರಿಪ್ಟ್, ಪ್ರತಿಯೊಂದು ಪ್ರಶ್ನೆಗೂ ಕಾನ್ಫ್‌ಟೆಸ್ಟ್ ಎಂಬ ಹೆಸರಿನ ಪುಟ್ಟ ಸಿ ಪ್ರೋಗ್ರಾಂ ಒಂದನ್ನು ಬರೆದು, ಅದು ಕಂಪೈಲ್ ಆಗುತ್ತದೆಯೇ, ಲಿಂಕ್ ಆಗುತ್ತದೆಯೇ (ಬೇಕಾದ ಲೈಬ್ರರಿಗಳೊಂದಿಗೆ ಜೋಡಣೆಯಾಗುತ್ತದೆಯೇ), ಕೆಲವೊಮ್ಮೆ ಓಡಿ ಸೊನ್ನೆಯನ್ನು, ಅಂದರೆ ಗೆಲುವಿನ ಗುರುತನ್ನು, ಹಿಂದಿರುಗಿಸುತ್ತದೆಯೇ ಎಂದು ನೋಡಿ, ಉತ್ತರವನ್ನು ಕಾನ್ಫಿಗ್ ಹೆಡರ್‌ನಲ್ಲಿ ಬರೆದಿಡುತ್ತದೆ.

ಸ್ಕ್ರಿಪ್ಟ್‌ಗಳ ಆದೇಶಗಳನ್ನು ಓದಿ ನಡೆಸುವ ಶೆಲ್‌ನ ವಿಷಯ ಬೇಗ ಮುಗಿಯಿತು. ಆಟೋಕಾನ್ಫ್ ಹುಟ್ಟಿಸುವ ಸ್ಕ್ರಿಪ್ಟ್ ಬಹಳ ಎಚ್ಚರದಿಂದ ಬರೆದಂಥದ್ದು, ಅದರಲ್ಲಿ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ಆವೃತ್ತಿ ಸಂಖ್ಯೆ ತೆಗೆಯಲು ನಾನೇ ಬರೆದಿದ್ದ ಹತ್ತು ಸಾಲಿನ ಸ್ಕ್ರಿಪ್ಟಿನಲ್ಲಿ. ಸೋಲಾರಿಸ್ 10ರವರೆಗೂ ಬಿನ್ ಡೈರೆಕ್ಟರಿಯ ಎಸ್‌ಎಚ್ ಎಂದರೆ ಹಳೆಯ ಬೋರ್ನ್ ಶೆಲ್. ಡಾಲರ್ ಚಿಹ್ನೆಯ ಮುಂದೆ ಆವರಣ ಹಾಕಿ ಇನ್ನೊಂದು ಆದೇಶದ ಫಲಿತಾಂಶವನ್ನು ಪಡೆಯುವ ಬರವಣಿಗೆ ಅದಕ್ಕೆ ಅರ್ಥವಾಗುವುದಿಲ್ಲ, ಹಿಮ್ಮುಖ ಉದ್ಧರಣ ಚಿಹ್ನೆಯೇ ಬೇಕು. ವೇರಿಯಬಲ್ ಒಂದನ್ನು ಎಕ್ಸ್‌ಪೋರ್ಟ್ ಮಾಡುವ (ಉಳಿದ ಪ್ರೋಗ್ರಾಂಗಳಿಗೂ ಕಾಣಿಸುವ) ಸಾಲಿನಲ್ಲೇ ಅದಕ್ಕೆ ಬೆಲೆ ಕೊಡುವಂತಿಲ್ಲ, ಎರಡು ಸಾಲಾಗಿ ಬರೆಯಬೇಕು. ಪಠ್ಯ ಹುಡುಕುವ ಅಲ್ಲಿನ ಸಾಮಾನ್ಯ ಗ್ರೆಪ್ ಆದೇಶಕ್ಕೆ ಸದ್ದಿಲ್ಲದೆ ಹುಡುಕುವ ಕ್ಯೂ ಆಯ್ಕೆಯೂ ಗೊತ್ತಿಲ್ಲ. ಮೂರನ್ನೂ ತಿದ್ದಲು ಒಂದು ಸಂಜೆ ಸಾಕಾಯಿತು.

ನೆಟ್‌ವರ್ಕ್ ಲೈಬ್ರರಿಗಳಲ್ಲಿ ಸ್ವಲ್ಪ ವಿವೇಚನೆ ಬೇಕಾಯಿತು. ಆ ಸೋಲಾರಿಸ್‌ಗಳಲ್ಲಿ ಸಾಕೆಟ್ ಫಂಕ್ಷನ್‌ಗಳು (ನೆಟ್‌ವರ್ಕ್ ಸಂಪರ್ಕ ಕಟ್ಟುವಂಥವು) ಮುಖ್ಯ ಸಿ ಲೈಬ್ರರಿಯಲ್ಲಿರಲಿಲ್ಲ. ಸಾಕೆಟ್ ಮತ್ತು ಎನ್‌ಎಸ್‌ಎಲ್ ಎಂಬ ಎರಡು ಬೇರೆ ಲೈಬ್ರರಿಗಳನ್ನು ಸೇರಿಸಬೇಕಿತ್ತು. ಆದ್ದರಿಂದ ‘ಸಾಕೆಟ್ ಲೈಬ್ರರಿ ಇದೆಯೇ, ಇದ್ದರೆ ಸೇರಿಸು’ ಎಂದು ಬರೆಯುವ ಆಸೆಯಾಗುತ್ತದೆ. ಹಾಗೆ ಬರೆಯಬಾರದು. ಎಸ್‌ಜಿಐ ಕಂಪನಿಯ ಯುನಿಕ್ಸ್ ಆದ ಐರಿಕ್ಸ್ 5.2ರಲ್ಲಿ ಸಾಕೆಟ್ ಲೈಬ್ರರಿ ಇತ್ತು, ಆದರೆ ಅದು ಕೆಟ್ಟಿತ್ತು, ಅಲ್ಲದೆ ಅದರ ಅಗತ್ಯವೂ ಇರಲಿಲ್ಲ. ಮೊದಲು ಯಾವ ಲೈಬ್ರರಿಯೂ ಇಲ್ಲದೆ ಫಂಕ್ಷನ್ ಸಿಗುತ್ತದೆಯೇ ಎಂದು ಕೇಳಿ, ಸಿಗದಿದ್ದರೆ ಮಾತ್ರ ಮುಂದೆ ಹುಡುಕುವುದು ಸರಿಯಾದ ಕ್ರಮ. ಆಟೋಕಾನ್ಫ್‌ನ ಸರ್ಚ್-ಲಿಬ್ಸ್ ಮ್ಯಾಕ್ರೋ ಇದನ್ನೇ ಮಾಡುತ್ತದೆ.

ನನ್ನನ್ನು ನಿಜವಾಗಿ ಕಾಡಿದ್ದು ಸೋಲಾರಿಸ್ 8ರ ಒಂದು ಯಂತ್ರ. ಅಲ್ಲಿ ಎಲ್ಲವೂ ಕಂಪೈಲ್ ಆಯಿತು, ಫಲಿತಾಂಶವೂ ಸರಿಯಾಗಿತ್ತು, ಆದರೆ ದೊಡ್ಡ ಕಡತಗಳನ್ನು ಓದುವಾಗ ಪ್ರೋಗ್ರಾಂ ಕಣ್ಣಿಗೆ ಕಾಣುವಷ್ಟು ನಿಧಾನವಾಗಿತ್ತು. ಯಂತ್ರ ಹಳೆಯದು ಎಂದುಕೊಂಡು ಕೆಲವು ವಾರ ಸುಮ್ಮನಿದ್ದೆ. ಅದು ನನ್ನ ತಪ್ಪು. ಒಂದು ದಿನ ಕಾನ್ಫಿಗರ್ ಮುದ್ರಿಸಿದ ಸಾಲುಗಳನ್ನು ನಿಧಾನವಾಗಿ ಓದುತ್ತಿದ್ದಾಗ, ಕೆಲಸ ಮಾಡುವ ಎಂಮ್ಯಾಪ್ (ಕಡತವನ್ನು ನೇರವಾಗಿ ಮೆಮೊರಿಗೆ ಹೊಂದಿಸಿ ಬೇಗ ಓದಲು ಬಳಸುವ ಫಂಕ್ಷನ್) ಇದೆಯೇ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಬರೆದಿದ್ದು ಕಂಡಿತು. ಸೋಲಾರಿಸ್‌ನಲ್ಲಿ ಎಂಮ್ಯಾಪ್ ಇಲ್ಲದಿರುವುದು ಸಾಧ್ಯವೇ ಇಲ್ಲ. ಕಾನ್ಫಿಗ್ ಲಾಗ್ ತೆರೆದು ಆ ಪರೀಕ್ಷೆ ಇದ್ದ ಜಾಗಕ್ಕೆ ಹೋದೆ. ಕಂಪೈಲ್ ಆಗಿತ್ತು, ಲಿಂಕ್ ಆಗಿತ್ತು. ಓಡಿಸಿದಾಗ ಮಾತ್ರ, ಕಾನ್ಫ್‌ಟೆಸ್ಟ್‌ಗೆ ಬೇಕಾದ ಜೆಡ್-ಲಿಬ್ ಕಡತ ತೆರೆಯಲಾಗಲಿಲ್ಲ ಎಂದು, ಓಡುವಾಗ ಲೈಬ್ರರಿಗಳನ್ನು ಹುಡುಕಿ ಜೋಡಿಸುವ ರನ್‌ಟೈಮ್ ಲಿಂಕರ್ ದೂರಿತ್ತು.

ಎಂಮ್ಯಾಪ್‌ಗೂ ಜೆಡ್-ಲಿಬ್‌ಗೂ ಏನು ಸಂಬಂಧ? ಸಂಬಂಧವನ್ನು ಕಟ್ಟಿದವನು ನಾನೇ. ಜಿಪ್ ಮಾಡುವ ಆ ಲೈಬ್ರರಿ ಅಲ್ಲಿ ಯುಎಸ್‌ಆರ್ ಲೋಕಲ್ ಎಂಬ ಡೈರೆಕ್ಟರಿಯ ಕೆಳಗಿತ್ತು. ಲಿಂಕ್ ಮಾಡುವಾಗ ಎಲ್ಲಿ ಹುಡುಕಬೇಕೆಂದು ದೊಡ್ಡ ಎಲ್ ಆಯ್ಕೆಯಿಂದ ಹೇಳಿದ್ದೆ. ಓಡುವಾಗ ಎಲ್ಲಿ ಹುಡುಕಬೇಕೆಂದು ಹೇಳುವ ದೊಡ್ಡ ಆರ್ ಆಯ್ಕೆಯನ್ನು ಕೊಟ್ಟಿರಲಿಲ್ಲ. ಲೈಬ್ರರಿ ಸಿಕ್ಕಿತೆಂದು ಕಾನ್ಫಿಗರ್ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅಲ್ಲಿಂದ ಮುಂದೆ ಬರೆದ ಪ್ರತಿಯೊಂದು ಕಾನ್ಫ್‌ಟೆಸ್ಟ್ ಕೂಡ ಅದರೊಂದಿಗೆ ಲಿಂಕ್ ಆಗಿ, ಓಡಿಸಿದ ಕೂಡಲೇ ಬಿದ್ದುಹೋಗುತ್ತಿತ್ತು. ಹೀಗೆ ಓಡಿಸಿ ನೋಡುವ ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂಬ ಉತ್ತರವೇ ಬಂದು, ಪ್ರತಿಯೊಂದು ‘ಇಲ್ಲ’ಕ್ಕೂ ನಾನು ಇಟ್ಟಿದ್ದ ಬದಲಿ ಕೋಡು ಸದ್ದಿಲ್ಲದೆ ಒಳಗೆ ಬಂದು ಕುಳಿತಿತ್ತು. ಪ್ರೋಗ್ರಾಂ ಓಡಿಸುವವರ ಶೆಲ್‌ನಲ್ಲಿ ಲೈಬ್ರರಿ ದಾರಿಯ ವೇರಿಯಬಲ್ ಮೊದಲೇ ಇದ್ದುದರಿಂದ ಅಂತಿಮ ಪ್ರೋಗ್ರಾಂ ಮಾತ್ರ ಸರಿಯಾಗಿ ಓಡುತ್ತಿತ್ತು. ದೊಡ್ಡ ಆರ್ ಆಯ್ಕೆಯನ್ನು ಸೇರಿಸಿದೆ. ಜೊತೆಗೆ ಹೊರಗಿನ ಲೈಬ್ರರಿಗಳ ಹುಡುಕಾಟವನ್ನು, ಓಡಿಸಿ ನೋಡುವ ಪರೀಕ್ಷೆಗಳೆಲ್ಲ ಮುಗಿದ ನಂತರಕ್ಕೆ ಸರಿಸಿದೆ. ಈ ಎರಡನೆಯ ಬದಲಾವಣೆಯೇ ಹೆಚ್ಚು ಮುಖ್ಯವೆಂದು ಈಗಲೂ ನಂಬಿದ್ದೇನೆ.

ಅಂದಿನಿಂದ ಕಾನ್ಫಿಗರ್ ಹೇಳುವ ‘ಇಲ್ಲ’ವನ್ನು ನಾನು ಎರಡು ಅರ್ಥದಲ್ಲಿ ಓದುತ್ತೇನೆ: ಕೇಳಿದ ವಸ್ತು ಇಲ್ಲದಿರಬಹುದು, ಇಲ್ಲವೇ ಕೇಳಿದ ರೀತಿಯೇ ಮುರಿದಿರಬಹುದು. ಪರದೆಯ ಮೇಲೆ ಎರಡೂ ಒಂದೇ ಪದವಾಗಿ ಕಾಣುತ್ತವೆ, ವ್ಯತ್ಯಾಸ ತಿಳಿಯುವುದು ಲಾಗ್‌ನಲ್ಲಿ ಮಾತ್ರ.

‘ಇದೆ’ ಎಂಬ ಉತ್ತರವನ್ನು ಸಂಶಯಿಸಬೇಕೆಂದು ಕಲಿಸಿದ್ದು ಎಚ್‌ಪಿ-ಯುಎಕ್ಸ್. ಬಫರ್ (ಮೆಮೊರಿಯಲ್ಲಿ ಕಾದಿಟ್ಟ ಜಾಗ) ಒಂದರಲ್ಲಿ ಅದರ ಅಳತೆ ಮೀರದಂತೆ ಪಠ್ಯ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್ ಅಲ್ಲಿ ಇತ್ತು. ಬರೆಯಬೇಕಾದ ಪಠ್ಯ ಬಫರ್‌ಗಿಂತ ಉದ್ದವಾದರೆ ಎಷ್ಟು ಬೈಟ್ ಬೇಕಾಗಿತ್ತು ಎಂಬುದನ್ನು ಅದು ಹಿಂದಿರುಗಿಸಬೇಕೆಂದು ಸಿ ಭಾಷೆಯ 1999ರ ಮಾನದಂಡವಾದ ಸಿ99 ಹೇಳುತ್ತದೆ, 11.11ರಲ್ಲಿ ಅದು ಹಿಂದಿರುಗಿಸುತ್ತಿದ್ದದ್ದು -1. ನನ್ನ ಕೋಡು ಮೊದಲು ಚಿಕ್ಕ ಬಫರ್‌ನಲ್ಲಿ ಬರೆದು ನೋಡಿ, ಬಂದ ಸಂಖ್ಯೆಯನ್ನು ಬಫರ್‌ನ ಅಳತೆಯೊಂದಿಗೆ ಹೋಲಿಸಿ, ಸಾಲದಿದ್ದರೆ ಬಂದ ಸಂಖ್ಯೆಗೆ ಒಂದು ಸೇರಿಸಿ ಅಷ್ಟು ಜಾಗ ಕೇಳುತ್ತಿತ್ತು. ಅಳತೆಯ ಪ್ರಕಾರಕ್ಕೆ ಋಣ ಸಂಖ್ಯೆ ಇಲ್ಲವಾದ್ದರಿಂದ ಹೋಲಿಕೆಯಲ್ಲಿ -1 ಭಾರಿ ದೊಡ್ಡ ಸಂಖ್ಯೆಯಾಗುತ್ತದೆ; ಬಫರ್ ಸಾಲದು ಎಂಬ ತೀರ್ಮಾನ ಸರಿಯಾಗಿಯೇ ಬರುತ್ತದೆ. ಅನಂತರ -1ಕ್ಕೆ ಒಂದು ಸೇರಿಸಿ ಸೊನ್ನೆ ಬೈಟ್ ಜಾಗ ಕೇಳುತ್ತದೆ. ಉದ್ದ ಸಾಲುಗಳಿರಬೇಕಾದ ಕಡೆ ಕಸ ಬರುತ್ತಿದ್ದದ್ದು ಇದರಿಂದ. ಆಮೇಲೆ ನಾನು ಬರೆದ ಪರೀಕ್ಷೆ, ಫಂಕ್ಷನ್ ಇದೆಯೇ ಎಂದು ಕೇಳುವುದಕ್ಕೆ ನಿಲ್ಲದೆ, ನಾಲ್ಕು ಬೈಟಿನ ಬಫರ್‌ನಲ್ಲಿ ಹತ್ತು ಅಕ್ಷರ ಬರೆಯಲು ಹೇಳಿ 10 ಎಂಬ ಉತ್ತರ ಬರುತ್ತದೆಯೇ ಎಂದು ನೋಡುತ್ತದೆ.

ಯಾವ ಪರೀಕ್ಷೆಯೂ ಕಾಪಾಡದ ತಪ್ಪುಗಳೂ ಇದ್ದವು, ಏಕೆಂದರೆ ಅವು ನನ್ನ ಸಿ ಭಾಷೆಯ ತಪ್ಪುಗಳು. ಎಐಎಕ್ಸ್‌ನಲ್ಲಿ ಒಂದು ಬೈಟಿನ ಕ್ಯಾರ್ ಪ್ರಕಾರಕ್ಕೆ ಸಹಜವಾಗಿ ಋಣ ಬೆಲೆ ಇಲ್ಲ. ಕಡತದಿಂದ ಒಂದೊಂದೇ ಬೈಟ್ ಓದಿ ಕೊನೆಯಲ್ಲಿ -1 ಕೊಡುವ ಗೆಟ್‌ಸಿಯ ಉತ್ತರವನ್ನು ಕ್ಯಾರ್‌ನಲ್ಲಿ ಇಟ್ಟುಕೊಂಡು ಕಡತದ ಕೊನೆಗಾಗಿ ಕಾಯುತ್ತಿದ್ದ ಒಂದು ಲೂಪ್ ಅಲ್ಲಿ ಮುಗಿಯಲೇ ಇಲ್ಲ; -1 ಅಲ್ಲಿ 255 ಆಗಿ ಕುಳಿತಿತ್ತು. ಸ್ಪಾರ್ಕ್‌ನಲ್ಲಿ ಇದರ ಇನ್ನೊಂದು ಮುಖ ಕಂಡಿತು. ಯುಟಿಎಫ್-8 ಎಂಬ ಪಠ್ಯ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ ಮೂರು ಬೈಟ್, ಮೊದಲನೆಯದು ಯಾವಾಗಲೂ 224. ಕ್ಯಾರ್‌ಗೆ ಋಣ ಬೆಲೆ ಇರುವ ಕಡೆ ಅದು -32 ಆಗುತ್ತದೆ, ಮತ್ತು ಅದನ್ನು ಹಾಗೆಯೇ, ಅಕ್ಷರ ಖಾಲಿ ಜಾಗವೇ ಎಂದು ಕೋಷ್ಟಕ ನೋಡಿ ಹೇಳುವ ಈಸ್‌ಸ್ಪೇಸ್‌ಗೆ ಕೊಟ್ಟರೆ ಅದು ಕೋಷ್ಟಕದ ಹೊರಗೆ ಹೋಗಿ ಓದುತ್ತದೆ. ಲಿನಕ್ಸ್‌ನ ಸಿ ಲೈಬ್ರರಿ ತನ್ನ ಕೋಷ್ಟಕವನ್ನು -128ರಿಂದಲೇ ಆರಂಭಿಸುವುದರಿಂದ ಈ ದೋಷ ಅಲ್ಲಿ ವರ್ಷಗಟ್ಟಲೆ ಮರೆಯಲ್ಲಿತ್ತು. ಪರೀಕ್ಷೆಗೆಂದು ನಾನು ಒಂದು ಕನ್ನಡ ಕಡತವನ್ನು ಸೇರಿಸಿದ್ದರಿಂದಲೇ ಅದು ಸಿಕ್ಕಿತು.

ವರ್ಷಗಳ ನಂತರ ಮೂಲ ಕೋಡನ್ನು ಕಟ್ಟಿಟ್ಟಿದ್ದ ಅದೇ ಹಳೆಯ ಟಾರ್ ಕಡತವನ್ನು ಒಂದು ಹೊಸ ಲಿನಕ್ಸ್ ಯಂತ್ರದಲ್ಲಿ ಬಿಚ್ಚಿದೆ. ಅದರಲ್ಲಿದ್ದದ್ದು 2024ರಲ್ಲಿ ಬಂದ ಜಿಸಿಸಿ 14 ಎಂಬ ಕಂಪೈಲರ್. ಕಾನ್ಫಿಗರ್ ದೂರಿಲ್ಲದೆ ಮುಗಿಯಿತು, ಪ್ರೋಗ್ರಾಂ ಕೂಡ ಸಿದ್ಧವಾಯಿತು. ಆದರೆ ಎಸ್‌ಎನ್‌ಪ್ರಿಂಟ್‌ಎಫ್ ಸರಿಯಿಲ್ಲ ಎಂದು ಅದು ಹೇಳಿತ್ತು. ಲಾಗ್‌ಗೆ ಹೋದೆ. ನಾನು ಕೈಯಾರೆ ಬರೆದ ಪರೀಕ್ಷೆಗಳಲ್ಲಿ ಮೇನ್ ಎಂಬ ಮುಖ್ಯ ಫಂಕ್ಷನ್‌ನ ಮುಂದೆ ಅದು ಹಿಂದಿರುಗಿಸುವ ಪ್ರಕಾರವಾದ ಇಂಟ್ ಎಂದು ಬರೆದಿರಲಿಲ್ಲ, ಎಕ್ಸಿಟ್ ಫಂಕ್ಷನ್‌ಗೆ ಹೆಡರ್ ಸೇರಿಸಿರಲಿಲ್ಲ. ಹಿಂದಿನ ಜಿಸಿಸಿ ಇದಕ್ಕೆ ಎಚ್ಚರಿಕೆಯನ್ನಷ್ಟೇ ಕೊಡುತ್ತಿತ್ತು. 14ನೆಯ ಆವೃತ್ತಿ ಇದನ್ನು ದೋಷವೆಂದೇ ಎಣಿಸುತ್ತದೆ. ಪರೀಕ್ಷೆ ಕಂಪೈಲ್ ಆಗದೆ ಬಿದ್ದಿತ್ತು, ಕಾನ್ಫಿಗರ್ ಅದನ್ನು ‘ಇಲ್ಲ’ ಎಂದು ಬರೆದುಕೊಂಡಿತ್ತು.

ಪರೀಕ್ಷೆಗಳನ್ನು ತಿದ್ದಿ, ಆಟೋಕಾನ್ಫ್ 2.72ರಿಂದ ಸ್ಕ್ರಿಪ್ಟನ್ನು ಮತ್ತೆ ಹುಟ್ಟಿಸಿದೆ. ಸೋಲಾರಿಸ್ 8ರ ಯಂತ್ರದ ಆ ಪ್ರಕರಣದ ನಂತರ ಪ್ರತಿ ಯಂತ್ರದಲ್ಲೂ ತಯಾರಾದ ಕಾನ್ಫಿಗ್ ಹೆಡರ್ ಕಡತವನ್ನು ಮೂಲ ಕೋಡಿನ ಜೊತೆಯಲ್ಲೇ ಕಾಪಿಟ್ಟು, ಹೊಸದು ಬಂದಾಗ ಡಿಫ್ ಹಾಕಿ (ಎರಡರ ವ್ಯತ್ಯಾಸ ತೆಗೆದು) ನೋಡುವ ಪದ್ಧತಿ ನನ್ನದು. ತಿದ್ದಿದ ಮೇಲೆ ಲಿನಕ್ಸ್‌ನ ಹೊಸ ಹೆಡರನ್ನು ಹಳೆಯದರೊಂದಿಗೆ ಹೋಲಿಸಿದಾಗ ಎಸ್‌ಎನ್‌ಪ್ರಿಂಟ್‌ಎಫ್‌ನ ಸಾಲು ಎರಡರಲ್ಲೂ ಒಂದೇ ಆಗಿತ್ತು.