ಫೋನು ನಿಮ್ಮ ಕೈಯಲ್ಲಿ, ಮಗು ಅಂಗಳದಲ್ಲಿ

ಹೋದ ಮಳೆಗಾಲದಲ್ಲಿ ನಾನೊಂದು ತಪ್ಪು ಮಾಡಿದೆ. ತಂಗಿಯ ಮಗಳಿಗೆ ಆಗ ಮೂರೂವರೆ ವರ್ಷ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಲ್ಲಿ ಮಳೆ ಹಿಡಿದರೆ ಮೂರು ದಿನ ಮಕ್ಕಳನ್ನು ಅಂಗಳಕ್ಕೆ ಇಳಿಸುವ ಹಾಗಿಲ್ಲ. ಮಗುವಿನ ಕೈಕಾಲು ಸ್ವಲ್ಪ ಆಡಲಿ ಅಂತ ಒಂದು ಕುಣಿತದ ಆ್ಯಪ್ ಹಾಕಿ ಫೋನನ್ನು ಅವಳ ಕೈಗೇ ಕೊಟ್ಟೆ. ಅದರಲ್ಲೊಂದು ಕಪ್ಪೆ ಹಾರುತ್ತಿತ್ತು, ನೀನೂ ಹಾರು ಅನ್ನುತ್ತಿತ್ತು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಕಪ್ಪೆ ಹಾರುತ್ತಲೇ ಇದೆ. ಮಗು ಜಗಲಿಯ ಕಂಬಕ್ಕೆ ಒರಗಿ, ಬಾಯಿ ತೆರೆದು ಕೂತಿದೆ.

ಮರುದಿನ ಫೋನು ನನ್ನ ಕೈಯಲ್ಲೇ ಇತ್ತು. ಕಪ್ಪೆ ಹಾರುವುದನ್ನು ಎರಡು ಸಲ ತೋರಿಸಿದೆ. ಫೋನನ್ನು ಗೋಡೆಯ ಗೂಡಿನಲ್ಲಿಟ್ಟೆ. ಸೀರೆ ಎತ್ತಿ ಸಿಕ್ಕಿಸಿ ನಾನೇ ಹಾರಿದೆ. ಅವಳೂ ಹಾರಿದಳು. ಊಟದ ಹೊತ್ತಿನವರೆಗೂ ಹಾರಿದಳು!

ಅಂದಿನಿಂದ ನಾನು ಹಿಡಿದ ದಾರಿ ಇದೇ. ಆ್ಯಪ್ ದೊಡ್ಡವರಿಗೆ ಕಲಿಸಲಿ, ದೊಡ್ಡವರು ಮಗುವಿಗೆ ಕಲಿಸಲಿ. ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಮೆರಿಕದ ಲೂಸಿಯಾನಾ ರಾಜ್ಯದ ಪೆನ್ನಿಂಗ್ಟನ್ ಸಂಶೋಧನಾ ಕೇಂದ್ರದವರು 3ರಿಂದ 5 ವರ್ಷದ 72 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ತಂದೆತಾಯಿಗೆ ಓಟ, ಜಿಗಿತ, ಎಸೆತಗಳನ್ನು ಹೇಗೆ ಕಲಿಸಬೇಕೆಂದು ಪಾಠವಿದ್ದ ಆ್ಯಪ್ ಕೊಟ್ಟರು. ಇನ್ನೊಂದು ಗುಂಪಿನವರಿಗೆ, ಮಕ್ಕಳನ್ನು ಸುಮ್ನೆ ಆಡಲು ಬಿಡಿ ಎನ್ನುವ ಆ್ಯಪ್. 12 ವಾರ ಕಳೆದ ಮೇಲೆ ನೋಡಿದರೆ, ಅಪ್ಪ ಅಮ್ಮ ಕಲಿಸಿದ ಮಕ್ಕಳು ಚಲನೆಯಲ್ಲಿ ಮುಂದೆ ಬಂದಿದ್ದರು. ಇದು 2022ರಲ್ಲಿ ಪ್ರಕಟವಾಯಿತು. ಅಂದರೆ ಆಡಲು ಬಿಡುವುದು ಬೇಕೇ ಬೇಕು, ಆದರೆ ಎಸೆಯುವುದು ಹಿಡಿಯುವುದೆಲ್ಲ ತಾನಾಗಿ ಬರುತ್ತದೆ ಅಂತ ಕೂತರೆ ಸಾಲದು. ಯಾರಾದರೂ ಹೇಳಿಕೊಡಬೇಕು.

ಹೊತ್ತಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. 3–4 ವರ್ಷದ ಮಕ್ಕಳು ದಿನಕ್ಕೆ ಕಡಿಮೆ ಎಂದರೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕೂತು ಪರದೆ ನೋಡುವುದು 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯೇ ಬೇಡ ಅನ್ನುವುದು ಭಾರತದ ಮಕ್ಕಳ ವೈದ್ಯರ ಸಂಘದ ಸಲಹೆ. ನಾನು ಹೇಳುವ ಕ್ರಮದಲ್ಲಿ ಮಗು ಪರದೆ ನೋಡುವುದು ದಿನಕ್ಕೆ ಎರಡೇ ನಿಮಿಷ.

ಮೊದಲು ಮಗುವನ್ನು ನೋಡಿ

ಆ್ಯಪ್ ಹುಡುಕುವ ಮೊದಲು ನಿಮ್ಮ ಮಗು ಈಗ ಏನು ಮಾಡುತ್ತದೆ ಅಂತ ಗೊತ್ತಿರಬೇಕು, ಅಲ್ವಾ? ಫೋನಿನ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಹಾಕಿ. ಮಗು ಹಾರುವುದು, ಚೆಂಡು ಎಸೆಯುವುದು, ಹಿಡಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಇವಿಷ್ಟನ್ನು ತಲಾ ಹತ್ತು ಸೆಕೆಂಡು ತೆಗೆಯಿರಿ. ಪಕ್ಕದಿಂದ ತೆಗೆಯಿರಿ, ತಲೆಯಿಂದ ಪಾದದವರೆಗೆ ಕಾಣಲಿ. ನೀವು ಚಿತ್ರ ತೆಗೆಯುತ್ತಿದ್ದೀರಿ ಅಂತ ಗೊತ್ತಾದರೆ ಮಕ್ಕಳು ಕೋಡಂಗಿ ಕುಣಿತ ಶುರು ಮಾಡುತ್ತಾರೆ. ಹಾಗಾಗಿ ಫೋನನ್ನು ಕಿಟಕಿಯ ದಂಡೆಯಲ್ಲೋ ಹೂಕುಂಡದ ಮೇಲೋ ಆನಿಸಿ ಇಡಿ.

ರಾತ್ರಿ ಮಗು ಮಲಗಿದ ಮೇಲೆ ಒಂದೊಂದಾಗಿ ನೋಡಿ. ಬರಿಗಣ್ಣಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ. ತಂಗಿಯ ಮಗಳು ಹಾರುವಾಗ ಬಲಗಾಲು ಮೊದಲು ಏಳುತ್ತಿತ್ತು, ಎಡಗಾಲು ಹಿಂದೆ ಬರುತ್ತಿತ್ತು. ಎರಡು ಕಾಲೂ ಒಟ್ಟಿಗೆ ನೆಲ ಬಿಡುತ್ತಲೇ ಇರಲಿಲ್ಲ. ದಿನಾ ನೋಡುತ್ತಿದ್ದ ನನಗೆ ಇದು ಗೊತ್ತೇ ಆಗಿರಲಿಲ್ಲ.

ಈಗ ಒಂದೇ ಒಂದು ಚಲನೆ ಆರಿಸಿ. ಎರಡು ವಾರ ಅದೇ.

ಮತ್ತೊಂದು ಮಾತು. ಈ ವಿಡಿಯೊಗಳು ನಿಮ್ಮ ಫೋನಿನಲ್ಲೇ ಇರಲಿ. ಸ್ಟೇಟಸ್‌ಗೆ ಹಾಕುವುದು ಬೇಡ.

ಆ್ಯಪ್ ಆರಿಸುವಾಗ

ಹೆಸರಿಗಿಂತ ಒಳಗೆ ಏನಿದೆ ಅನ್ನುವುದನ್ನು ನೋಡಿ. ಬೆರಳಲ್ಲಿ ಒತ್ತಿದರೆ ಮೊಲ ಓಡುವ ಆಟದಲ್ಲಿ ಓಡುವುದು ಮೊಲ ಮಾತ್ರ. ಗೊಂಬೆಗಿಂತ ನಿಜವಾದ ಮಗುವೋ ಮನುಷ್ಯರೋ ಮಾಡಿ ತೋರಿಸುವ ವಿಡಿಯೊ ಒಳ್ಳೆಯದು, ಏಕೆಂದರೆ ಮೊಣಕಾಲು ಹೇಗೆ ಬಗ್ಗುತ್ತದೆ ಅಂತ ಅದರಲ್ಲಿ ಕಾಣುತ್ತದೆ. ಒಂದು ವಿಡಿಯೊದಲ್ಲಿ ಒಂದೇ ಚಲನೆ ಇರಬೇಕು. ಜಾಹೀರಾತು ನಡುವೆ ಬರಬಾರದು. ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವ ಹಾಗಿದ್ದರೆ ಇನ್ನೂ ಅನುಕೂಲ. ಗುಡ್ಡದ ಬುಡದ ತೋಟದ ಮನೆಗಳಲ್ಲಿ ನೆಟ್‌ವರ್ಕ್ ಯಾವಾಗ ಹೋಗುತ್ತದೆ ಅಂತ ಹೇಳುವ ಹಾಗಿಲ್ಲವಲ್ಲ. ಗೋನೂಡಲ್‌ನಂಥ ಆ್ಯಪ್‌ಗಳಲ್ಲಿ ಕುಣಿಸುವ ವಿಡಿಯೊಗಳು ಬೇಕಾದಷ್ಟಿವೆ, ಆದರೆ ಅವು ಹೆಚ್ಚಾಗಿ ಶಾಲೆಗೆ ಹೋಗುವ ಮಕ್ಕಳಿಗಾಗಿ ಮಾಡಿದವು. ಅವುಗಳಿಂದ ಒಂದೆರಡು ಚಲನೆ ನೀವು ಕಲಿತುಕೊಳ್ಳಬಹುದು. ಯೂಟ್ಯೂಬ್ ಕಿಡ್ಸ್ ಆದರೆ, ನೀವು ಒಪ್ಪಿದ ವಿಡಿಯೊ ಮಾತ್ರ ಕಾಣುವ ಹಾಗೆ ಮಾಡಬಹುದು, ಟೈಮರ್ ಕೂಡ ಇಡಬಹುದು.

ಫೋನಿನಲ್ಲಿ ಎರಡು ಕೆಲಸ ಮಾಡಿಡಿ. ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ಬರುವ ಆಟೋಪ್ಲೇ ನಿಲ್ಲಿಸಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯ ಇದೆ, ಐಫೋನಿನಲ್ಲಿ ಗೈಡೆಡ್ ಆಕ್ಸೆಸ್. ಅದನ್ನು ಹಾಕಿದರೆ ಮಗುವಿನ ಬೆರಳು ತಾಗಿ ಬೇರೆಲ್ಲಿಗೋ ಹೋಗುವುದಿಲ್ಲ.

ಮಾತು ನಿಮ್ಮದೇ ಇರಲಿ

ನಮ್ಮ ಊರಿನ ಮಟ್ಟಿಗೆ ಇದು ದೊಡ್ಡ ವಿಷಯ. ಕಾಸರಗೋಡಿನ ಮಗು ಮನೆಯಲ್ಲಿ ಕನ್ನಡವೋ ತುಳುವೋ ಹವ್ಯಕವೋ ಕೊಂಕಣಿಯೋ ಮಾತಾಡುತ್ತದೆ. ಅಂಗನವಾಡಿಗೆ ಹೋದರೆ ಮಲಯಾಳವೂ ಕಿವಿಗೆ ಬೀಳುತ್ತದೆ. ಆ್ಯಪ್ ಬಾಯಿ ಬಿಟ್ಟರೆ ಇಂಗ್ಲಿಷು. 2020ರಲ್ಲಿ ಕೊರೊನಾದಿಂದ ಅಂಗನವಾಡಿ ಮುಚ್ಚಿದ್ದಾಗ ಕೇರಳ ಸರಕಾರದ ವಿಕ್ಟರ್ಸ್ ಚಾನೆಲ್‌ನಲ್ಲಿ ಪುಟ್ಟ ಮಕ್ಕಳಿಗೆಂದು ಕಿಳಿಕೊಂಜಲ್ ಎಂಬ ಮಲಯಾಳ ಕಾರ್ಯಕ್ರಮ ಬರುತ್ತಿತ್ತು. ನಮ್ಮ ಪಕ್ಕದ ಮನೆಯ ಹುಡುಗ ಅದರ ಮಾತು ಬಿಟ್ಟು ಆಟ ಮಾತ್ರ ನೋಡುತ್ತಿದ್ದ. ಅವನ ಅಜ್ಜಿ ಪಕ್ಕದಲ್ಲಿ ಕೂತು ತುಳುವಿನಲ್ಲಿ ಹೇಳಿದರೆ ಎದ್ದು ಮಾಡುತ್ತಿದ್ದ.

ಹಾಗಾಗಿ ಧ್ವನಿ ಪೂರ್ತಿ ಇಳಿಸಿ. ನೀವು ಹೇಳಿ. ಮೂರೇ ಮಾತು ಸಾಕು: ‘ಕೂರು, ಕೈ ಹಿಂದೆ, ಹಾರು.’ ತುಳುವಿನ ಮನೆಯಲ್ಲಿ ‘ಲಾಗ್’ ಅನ್ನಿ. ಮಲಯಾಳ ಕಲಿಯುತ್ತಿದ್ದರೆ ‘ಚಾಡ್’ ಎಂದೂ ಒಂದು ಸುತ್ತು ಆಡಿ. ಮೈ ಆಡುವಾಗ ಕೇಳಿದ ಮಾತು ಮಕ್ಕಳ ತಲೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ತೋರಿಸಿ, ಫೋನು ಇಡಿ, ಆಡಿ

ವಿಡಿಯೊವನ್ನು ಅರ್ಧ ವೇಗದಲ್ಲಿ ಎರಡು ಸಲ ತೋರಿಸಿ. ಆಮೇಲೆ ಫೋನು ಕಣ್ಣಿಗೆ ಕಾಣದ ಜಾಗಕ್ಕೆ ಹೋಗಬೇಕು. ಕಂಡರೆ ಮಗು ಅದನ್ನೇ ಕೇಳುತ್ತದೆ. ಹದಿನೈದು ನಿಮಿಷದ ಟೈಮರ್ ಇಟ್ಟು ಅಂಗಳಕ್ಕೆ ಇಳಿಯಿರಿ.

ಹಾರುವುದರಿಂದಲೇ ಶುರು ಮಾಡಿ, ಅದಕ್ಕೆ ಏನೂ ಸಾಮಾನು ಬೇಡ. ಎರಡು ಹಗ್ಗವನ್ನು ಒಂದು ಗೇಣು ಬಿಟ್ಟು ಅಂಗಳದಲ್ಲಿ ಹಾಸಿ. ಇದು ತೋಡು, ಒಳಗೆ ನೀರಿದೆ, ಕಾಲು ಒದ್ದೆ ಆಗಬಾರದು. ಮೊಣಕಾಲು ಬಗ್ಗಿಸಿ, ಎರಡೂ ಕೈ ಹಿಂದಕ್ಕೆ ತಂದು, ಕೈ ಬೀಸಿ ಹಾರಬೇಕು. ಎರಡು ಪಾದವೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಯಬೇಕು. ಇಳಿಯುವಾಗ ಮೊಣಕಾಲು ಮತ್ತೆ ಬಗ್ಗಲಿ. ‘ಬೆಕ್ಕಿನ ಹಾಗೆ ಇಳಿ, ಸದ್ದು ಬರಬಾರದು’ ಅಂದರೆ ಮಗುವಿಗೆ ಕೂಡಲೇ ಅರ್ಥ ಆಗುತ್ತದೆ. ಸುಲಭ ಆದ ಹಾಗೆ ತೋಡನ್ನು ನಾಲ್ಕು ಬೆರಳು ಅಗಲ ಮಾಡುತ್ತಾ ಹೋಗಿ.

ಹಿಡಿಯುವುದು ಇದಕ್ಕಿಂತ ಕಷ್ಟ. ಮೂರು ವರ್ಷದ ಮಗು ಚೆಂಡನ್ನು ಎದೆಗೆ ಅವುಚಿ ಹಿಡಿಯುತ್ತದೆ, ಮುಖ ಪಕ್ಕಕ್ಕೆ ತಿರುಗಿಸುತ್ತದೆ. ಚೆಂಡು ಮುಖಕ್ಕೆ ಬೀಳುತ್ತದೆ ಅನ್ನುವ ಹೆದರಿಕೆ ಅದು. ನಾಲ್ಕರ ಹೊತ್ತಿಗೆ ದೊಡ್ಡ ಚೆಂಡನ್ನು ಹೆಚ್ಚಿನ ಸಲ ಹಿಡಿಯುತ್ತಾರೆ. ಹೆದರಿಕೆ ಬಿಡಿಸಲು ನಮ್ಮಲ್ಲಿ ಒಳ್ಳೆಯ ಸಾಮಾನಿದೆ, ತೆಂಗಿನ ಗರಿಯಲ್ಲಿ ಹೆಣೆದ ಚೆಂಡು. ಮಲಯಾಳದವರ ಓಲಪ್ಪಂದು. ಹಗುರ, ತಾಗಿದರೂ ನೋಯುವುದಿಲ್ಲ, ರಬ್ಬರಿನ ಚೆಂಡಿನ ಹಾಗೆ ಪುಟಿದು ಓಡಿಹೋಗುವುದೂ ಇಲ್ಲ. ಹೆಣೆಯಲು ಮರೆತಿದ್ದರೆ ಮನೆಯ ಅಜ್ಜನನ್ನು ಕೇಳಿ. ಎರಡು ಹೆಜ್ಜೆ ದೂರದಿಂದ, ಕೆಳಗಿನಿಂದ ಮೇಲಕ್ಕೆ ಮೆಲ್ಲ ಎಸೆಯಿರಿ. ‘ಕಣ್ಣು ಚೆಂಡಿನ ಮೇಲೆ’ ಅನ್ನುವುದಕ್ಕಿಂತ, ಚೆಂಡಿಗೆ ಒಂದು ಕೆಂಪು ಬಟ್ಟೆಯ ಬಾಲ ಕಟ್ಟಿ ‘ಬಾಲ ನೋಡು’ ಅನ್ನಿ.

ಎಸೆಯುವುದರಲ್ಲಿ ದೊಡ್ಡವರೂ ಸರಿಯಾಗಿ ನೋಡದ ಒಂದು ಗುಟ್ಟಿದೆ. ಬಲಗೈಯಲ್ಲಿ ಎಸೆಯುವವರು ಎಡಗಾಲು ಮುಂದಿಡಬೇಕು. ಮಾವಿನಕಾಯಿಗೆ ಕಲ್ಲು ಬೀರಿದವರ ಕಾಲು ತಾನಾಗಿಯೇ ಹಾಗೆ ಹೋಗುತ್ತದೆ. ಪುಟ್ಟ ಮಕ್ಕಳು ಎರಡು ಕಾಲೂ ಊರಿ ನಿಂತು, ಬರೀ ಮೊಣಕೈಯಿಂದ ಎಸೆಯುತ್ತಾರೆ. ಸೀಮೆಸುಣ್ಣದಿಂದ ನೆಲದ ಮೇಲೆ ಎಡಪಾದದ ಗುರುತು ಬರೆಯಿರಿ. ಪಕ್ಕಕ್ಕೆ ತಿರುಗಿ ನಿಲ್ಲುವುದು, ಕೈ ಕಿವಿಯ ಹಿಂದಕ್ಕೆ ಹೋಗುವುದು, ಗುರುತಿನ ಮೇಲೆ ಕಾಲು ಬೀಳುವುದು, ಎಸೆದ ಮೇಲೆ ಕೈ ಇನ್ನೊಂದು ಬದಿಯ ಸೊಂಟದವರೆಗೆ ಬರುವುದು. ಒಂದು ದಿನಕ್ಕೆ ಒಂದನ್ನೇ ತಿದ್ದಿ. ನಾಲ್ಕನ್ನೂ ಒಟ್ಟಿಗೆ ಹೇಳಿದರೆ ಮಗು ಚೆಂಡು ಬಿಸಾಡಿ ಹೋಗುತ್ತದೆ. ಗೋಡೆಗೆ ಹಳೆಯ ಮೊರವೊಂದನ್ನು ತೂಗುಹಾಕಿದರೆ ಅದೇ ಗುರಿ, ತಾಗಿದಾಗ ಬರುವ ಸದ್ದೇ ಬಹುಮಾನ.

ಒಂಟಿ ಕಾಲಿಗೆ ನಮ್ಮ ಕುಂಟೆಬಿಲ್ಲೆಯೇ ಇದೆ. ಮೊದಲು ಕೊಕ್ಕರೆಯ ಹಾಗೆ ನಿಲ್ಲುವುದು, ಫೋನಿನ ಸ್ಟಾಪ್‌ವಾಚಿನಲ್ಲಿ ಎಷ್ಟು ಸೆಕೆಂಡು ಅಂತ ಲೆಕ್ಕ. ಕುಂಟುವುದು ಹೆಚ್ಚಿನ ಮಕ್ಕಳಿಗೆ ಐದರ ಸುಮಾರಿಗೆ ಬರುತ್ತದೆ, ಅವಸರ ಬೇಡ. ಮುಂದೆ 5–8 ವರ್ಷದ ಶಾಲಾ ಮಕ್ಕಳ ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲೂ ಒಂಟಿ ಕಾಲಲ್ಲಿ ನಿಲ್ಲುವುದು ಇದೆ.

ಅಂಗಳದಲ್ಲಿ ಅಡಿಕೆ ಒಣಹಾಕಿದ್ದರೆ ಅದರ ಹತ್ತಿರ ಹಾರಿಸಬೇಡಿ, ಉರುಳಿ ಬೀಳುತ್ತಾರೆ. ಮಳೆ ಬಿಟ್ಟ ಮೇಲೆ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲು ಇನ್ನೂ ಅಪಾಯ. ಆಡುವಾಗ ಬರಿಗಾಲು ಒಳ್ಳೆಯದು, ಆದರೆ ಮೊದಲು ಅಂಗಳ ಗುಡಿಸಿ.

ಮಳೆ ಹಿಡಿದರೆ

ಜಗಲಿಯೇ ಸಾಕು. ಮೆಟ್ರೊನೋಮ್ ಅನ್ನುವ, ಟಕ್ ಟಕ್ ತಾಳ ಹಾಕುವ ಉಚಿತ ಆ್ಯಪ್‌ಗಳಿವೆ. ಇದರಲ್ಲಿ ನೋಡಲು ಏನೂ ಇಲ್ಲ, ಕೇಳಲು ಮಾತ್ರ. ಅದಕ್ಕೇ ನನಗೆ ಇದು ಎಲ್ಲಕ್ಕಿಂತ ಇಷ್ಟ. ನಿಮಿಷಕ್ಕೆ 120ರ ತಾಳ ಇಟ್ಟು ಜಗಲಿಯ ಉದ್ದಕ್ಕೂ ನಡೆಸಿ. ತೀರ ನಿಧಾನದ ತಾಳಕ್ಕೆ ಹೆಜ್ಜೆ ಹಾಕುವುದು ಸಣ್ಣ ಮಕ್ಕಳಿಗೆ ಕಷ್ಟ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ತಾಳ ನಿಂತ ಕೂಡಲೇ ಕಲ್ಲಾಗಿ ನಿಲ್ಲಬೇಕು.

ಇಲ್ಲವಾದರೆ ಚೆಂಡೆಯ ಪೆಟ್ಟು ಹಾಕಿ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ, ಯಕ್ಷಗಾನದಲ್ಲಿ ಗಿರಗಿರ ಸುತ್ತುವ ಧೀಂಗಿಣ ಹೇಳಿಕೊಡಬೇಕೇ? ಆಟ ನೋಡಿ ಬಂದ ಮರುದಿನ ಎಲ್ಲರೂ ತಲೆಗೆ ಬೈರಾಸು ಕಟ್ಟಿ ಸುತ್ತುತ್ತಾರೆ. ಚಾಪೆ ಹಾಸಿ, ಕಂಬದಿಂದ ದೂರ ನಿಲ್ಲಿಸಿ. ಮೂರು ಸುತ್ತು ಬಲಕ್ಕೆ, ಮೂರು ಸುತ್ತು ಎಡಕ್ಕೆ, ಆಮೇಲೆ ಒಂದು ಗೆರೆಯ ಮೇಲೆ ನಡಿಗೆ. ಸಮತೋಲಕ್ಕೆ ಇದು ಒಳ್ಳೆಯ ಅಭ್ಯಾಸ. ಅಡಿಕೆ ಹಾಳೆಯಲ್ಲಿ ಮಗುವನ್ನು ಕೂರಿಸಿ ಎಳೆಯುವುದೂ ಅಷ್ಟೇ. ಬೀಳದ ಹಾಗೆ ಕೂರಲು ಹೊಟ್ಟೆ ಬೆನ್ನು ಎರಡೂ ಬಿಗಿ ಹಿಡಿಯಬೇಕಾಗುತ್ತದೆ. ಆಮೇಲೆ ಮಗು ನಿಮ್ಮನ್ನು ಎಳೆಯಲಿ, ಆಗುವುದಿಲ್ಲ, ಆದರೂ ಎಳೆಯಲಿ.

ಎರಡು ವಾರ ಕಳೆದು

ಮತ್ತೆ ಅದೇ ಜಾಗದಲ್ಲಿ ಫೋನಿಟ್ಟು ವಿಡಿಯೊ ತೆಗೆಯಿರಿ. ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ನೋಡಿ. ಮಗುವಿಗೂ ತೋರಿಸಿ, ಆದರೆ ‘ಆಗ ನಿನಗೆ ಬರುತ್ತಿರಲಿಲ್ಲ’ ಎಂದು ಹೇಳಬೇಡಿ. ‘ಕಾಲು ನೋಡು’ ಅಂದರೆ ಸಾಕು.

ವಾರಗಟ್ಟಲೆ ಆಡಿದರೂ ಒಂದು ಬದಿಯ ಕೈಕಾಲು ಮಾತ್ರ ಹಿಂದೆ ಬೀಳುತ್ತಿದ್ದರೆ, ಪದೇ ಪದೇ ಎಡವಿ ಬೀಳುತ್ತಿದ್ದರೆ, ಮೊದಲು ಬರುತ್ತಿದ್ದದ್ದು ಈಗ ಬರದಿದ್ದರೆ ಆ್ಯಪ್ ಬಿಟ್ಟು ವೈದ್ಯರ ಹತ್ತಿರ ಹೋಗಿ. ನೀವು ತೆಗೆದ ವಿಡಿಯೊ ತೋರಿಸಿ, ಅವರಿಗೆ ಅದು ಬಹಳ ಉಪಯೋಗ. ಅಂಗನವಾಡಿ ಟೀಚರಿಗೂ ಹೇಳಿ. ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆಯ ಹಿನ್ನಡೆಯನ್ನೂ ನೋಡುತ್ತಾರೆ.

ನನ್ನ ತಂಗಿಯ ಗಂಡ ಇರುವುದು ಶಾರ್ಜಾದಲ್ಲಿ. ನಮ್ಮೂರಿನ ಎಷ್ಟೋ ಮನೆಗಳ ಕತೆ ಹೀಗೇ ಅಲ್ವಾ? ಅವರಿಗೆ ನಾನು ಒಂದು ಕೆಲಸ ಕೊಟ್ಟೆ. ವಾರಕ್ಕೊಂದು ಸಲ, ಇಪ್ಪತ್ತು ಸೆಕೆಂಡಿನ ವಿಡಿಯೊ, ಅದರಲ್ಲಿ ಅವರೇ ಒಂದು ಚಲನೆ ಮಾಡಿ ತೋರಿಸಬೇಕು. ರೂಮಿನ ಮಂಚಗಳ ನಡುವೆ ನಿಂತು, ಕಾಲುಚೀಲ ಸುತ್ತಿ ಮಾಡಿದ ಚೆಂಡನ್ನು ಎಸೆದು ತೋರಿಸಿದರು. ಯಾವ ಆ್ಯಪಿನ ವಿಡಿಯೊವನ್ನೂ ಮಗಳು ಹಾಗೆ ನೋಡಿಲ್ಲ. ನೋಡಿದವಳೇ ಅಂಗಳಕ್ಕೆ ಓಡಿದಳು. ನಾಲ್ಕು ಸಲ ಮೊರಕ್ಕೆ ಎಸೆದು ಬಂದು, ‘ದೊಡ್ಡಮ್ಮ, ಅಪ್ಪ ಬಲಗಾಲು ಮುಂದೆ ಇಟ್ಟಿದ್ದಾರೆ, ಎಡಗಾಲು ಇಡಲಿಕ್ಕೆ ಹೇಳು’ ಅಂದಳು. ಅವಳು ಎಸೆಯುವ ವಿಡಿಯೊವನ್ನೇ ತೆಗೆದು ಶಾರ್ಜಾಕ್ಕೆ ಕಳಿಸಿದೆವು.