ಡಿಪಾರ್ಟ್‌ಮೆಂಟಲ್ಲಿ ಏಜಿಂಗ್ ಪಾಠ ಮಾಡೋಳು ನಾನೊಬ್ಳೇ, ಅಸೋಸಿಯೇಷನ್ ಸೇರಿದ್ರಿಂದ ಏನಾಯ್ತು

ಮೈಸೂರಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ, ಅಮೆರಿಕದಲ್ಲಿ ಪಿಎಚ್‌ಡಿ ಮಾಡಿ, ಈಗ ಇಲ್ಲೇ ಒಂದು ಯೂನಿವರ್ಸಿಟೀಲಿ ಸೋಶಿಯಲ್ ವರ್ಕ್ ಪಾಠ ಮಾಡ್ತಿದೀನಿ. ಊರಿನ ಜೂನಿಯರ್ಸ್ ಕೇಳ್ತಿರ್ತಾರೆ, ಮೇಡಂ ಈ ಅಸೋಸಿಯೇಷನ್‌ಗಳಿಗೆಲ್ಲ ದುಡ್ಡು ಕಟ್ಟೋದು ದಂಡ ಅಲ್ವಾ, ಬಯೋಡೇಟಾದಲ್ಲಿ ಒಂದು ಲೈನ್ ಜಾಸ್ತಿ ಆಗುತ್ತೆ ಅಷ್ಟೇ ತಾನೇ ಅಂತ. ಎಷ್ಟೋ ಸಂಘಗಳ ವಿಷಯದಲ್ಲಿ ಅದು ನಿಜಾನೇ ಬಿಡಿ. ನನ್ನ ಸಬ್ಜೆಕ್ಟು ಏಜಿಂಗ್, ಅಂದ್ರೆ ವಯಸ್ಸಾದವರ ವಿಷಯ, ಅದ್ರಲ್ಲಿ ಮಾತ್ರ ಹಾಗಾಗ್ಲಿಲ್ಲ.

ನಾನು ಮೆಂಬರ್ ಆಗಿರೋದು ಅಸೋಸಿಯೇಷನ್ ಫಾರ್ ಜೆರೊಂಟಾಲಜಿ ಎಜುಕೇಶನ್ ಇನ್ ಸೋಶಿಯಲ್ ವರ್ಕ್ ಅಂತ. ವಯಸ್ಸಾದವರ ಜೊತೆ ಕೆಲಸ ಮಾಡೋ ಸೋಶಿಯಲ್ ವರ್ಕರ್‌ಗಳನ್ನ ತಯಾರು ಮಾಡೋ ಮೇಷ್ಟ್ರುಗಳ ಸಂಘ. ಇಂಥದ್ದು ಯಾಕೆ ಬೇಕು ಅಂದ್ರೆ, ಇಲ್ಲಿ ಬಹಳಷ್ಟು ಸೋಶಿಯಲ್ ವರ್ಕ್ ಡಿಪಾರ್ಟ್‌ಮೆಂಟ್‌ಗಳಲ್ಲಿ ಹುಡುಗರು ಹೋಗೋದು ಮೆಂಟಲ್ ಹೆಲ್ತ್ ಕಡೆ, ಇಲ್ಲಾಂದ್ರೆ ಮಕ್ಕಳ ಕಡೆ. ಚೈಲ್ಡ್ ವೆಲ್ಫೇರ್ ಓದೋರಿಗಾದ್ರೆ ಕೇಂದ್ರ ಸರ್ಕಾರದ ಟೈಟಲ್ ಫೋರ್-ಇ ಸ್ಟೈಪೆಂಡ್ ಇದೆ. ನಮಗೆ ಆ ಥರ ಗಟ್ಟಿ ದುಡ್ಡಿಲ್ಲ, ಜಾನ್ ಎ. ಹಾರ್ಟ್‌ಫರ್ಡ್ ಫೌಂಡೇಶನ್ ಅನ್ನೋ ಖಾಸಗಿ ದತ್ತಿ ಸಂಸ್ಥೆ 1990ರ ದಶಕದ ಕೊನೆಯಿಂದ ಕೆಲವು ವರ್ಷ ಚೆನ್ನಾಗಿ ಸುರೀತು, ಆಮೇಲೆ ಅದೂ ನಿಲ್ತು. ಹಾಗಾಗಿ ಏಜಿಂಗ್ ಪೇಪರ್ ಮಾಡೋರು ಡಿಪಾರ್ಟ್‌ಮೆಂಟಿಗೆ ಒಬ್ರೋ ಇಬ್ರೋ. ಸಿಲಬಸ್ ಬರೆದ್ರೆ ತೋರಿಸೋಕೆ ಪಕ್ಕದ ರೂಮಲ್ಲಿ ಯಾರೂ ಇರಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅಲ್ಲಿ ಪರಿಚಯ ಆದ ಒಬ್ಬ ಸೀನಿಯರ್ ಪ್ರೊಫೆಸರ್ ಕೊಟ್ಟ ಒಂದು ಕ್ಲಾಸ್ ಎಕ್ಸರ್ಸೈಜು. ಮೆಡಿಕೇರ್ ಅಂದ್ರೆ ಇಲ್ಲಿ ವಯಸ್ಸಾದವರಿಗೆ ಇರೋ ಸರ್ಕಾರಿ ಆರೋಗ್ಯ ವಿಮೆ, ಅದರ ವೆಬ್‌ಸೈಟಲ್ಲಿ ಪ್ಲಾನ್ ಫೈಂಡರ್ ಅಂತ ಇದೆ, ಔಷಧಿ ಇನ್ಶೂರೆನ್ಸ್ ಪ್ಲಾನ್‌ಗಳನ್ನ ಹೋಲಿಸಿ ನೋಡೋಕೆ. ಒಬ್ಬ ಕಾಲ್ಪನಿಕ ಅಜ್ಜಿ, ವಯಸ್ಸು 82, ಶುಗರ್‌ಗೆ ಮೆಟ್‌ಫಾರ್ಮಿನ್, ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್, ರಕ್ತ ಹೆಪ್ಪುಗಟ್ಟದ ಹಾಗೆ ಎಪಿಕ್ಸಬಾನ್, ಜೊತೆಗೆ ಒಂದು ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರ), ಹುಡುಗರಿಗೆ ಇಷ್ಟೇ ಕೊಡೋದು. ಅಜ್ಜಿಗೆ ಪ್ಲಾನ್ ಆರಿಸಿ ಅನ್ನೋದು. ಮೊದಲು ಎಲ್ಲರೂ ತಿಂಗಳ ಪ್ರೀಮಿಯಂ ಯಾವ್ದು ಕಮ್ಮಿ ಅಂತ ನೋಡಿ ಮೇಡಂ ಮುಗೀತು ಅಂತಾರೆ, ವರ್ಷದ ಒಟ್ಟು ಖರ್ಚಿನ ಕಾಲಂ ನೋಡಿ ಅಂದ್ರೆ ಗೊತ್ತಾಗುತ್ತೆ, ಪ್ರೀಮಿಯಂ ಸೋವಿ ಇದ್ರೂ ದುಬಾರಿ ಮಾತ್ರೆ ಎಪಿಕ್ಸಬಾನ್ ಆ ಪ್ಲಾನಿನ ಔಷಧಿ ಪಟ್ಟೀಲಿ ಯಾವ ದರ್ಜೇಲಿ ಇದೆ ಅನ್ನೋದ್ರ ಮೇಲೆ ಲೆಕ್ಕವೇ ತಲೆಕೆಳಗಾಗುತ್ತೆ ಅಂತ. ಬೇರೆ ಕಡೆಯ ಜಿಪ್ ಕೋಡ್ ಹಾಕಿದ್ರೆ ಪ್ಲಾನ್‌ಗಳೇ ಬೇರೆ ಆಗಬಹುದು. ಇದೆಲ್ಲ ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರ ಒಳಗೆ ಮುಗಿಸಬೇಕು, ಕಣ್ಣಲ್ಲಿ ಪೊರೆ ಇರೋ ಅಜ್ಜಿ ಒಬ್ರೇ ಕೂತು! ಪಾಲಿಸಿ ಬಗ್ಗೆ ಎರಡು ಗಂಟೆ ಲೆಕ್ಚರ್ ಕೊಟ್ರೂ ಹತ್ತದ್ದು ಅಲ್ಲಿ ತಲೆಗೆ ಹತ್ತುತ್ತೆ. ಈ ಆಯ್ಕೆಗೆ ಪುಕ್ಕಟೆ ಸಹಾಯ ಮಾಡೋ ಕೌನ್ಸೆಲಿಂಗ್ ಕೇಂದ್ರ ಪ್ರತಿ ರಾಜ್ಯದಲ್ಲೂ ಇದೆ, ನಮ್ಮ ಹುಡುಗರಿಗೆ ಫೀಲ್ಡ್ ಪ್ಲೇಸ್‌ಮೆಂಟ್ ಅಲ್ಲಿ ಸಿಕ್ಕಿದ್ದೂ ಈ ಎಕ್ಸರ್ಸೈಜಿನ ದೆಸೆಯಿಂದ್ಲೇ.

ಎರಡನೇದು ಟೆನ್ಯೂರ್. ಕೆಲಸ ಪರ್ಮನೆಂಟ್ ಆಗೋಕೆ ಬೇರೆ ಯೂನಿವರ್ಸಿಟಿಯ ಪ್ರೊಫೆಸರ್‌ಗಳು ನಮ್ಮ ಸಂಶೋಧನೆ ಓದಿ ಪತ್ರ ಬರೀಬೇಕು, ಅವರು ನಮ್ಮ ಗೈಡೂ ಆಗಿರಬಾರದು, ಜೊತೇಲಿ ಪೇಪರ್ ಬರೆದೋರೂ ಆಗಿರಬಾರದು, ಆದ್ರೆ ನಮ್ಮ ಕೆಲಸ ಅರ್ಥ ಆಗೋರಾಗಿರಬೇಕು. ಒಂಟಿಯಾಗಿ ಕೂತಿದ್ರೆ ಅಂಥೋರನ್ನ ಎಲ್ಲಿಂದ ತರೋದು? ನವೆಂಬರ್‌ನಲ್ಲಿ ಜೆರೊಂಟಾಲಜಿಕಲ್ ಸೊಸೈಟಿಯ (ವೃದ್ಧಾಪ್ಯದ ಬಗ್ಗೆ ಸಂಶೋಧನೆ ಮಾಡೋರ ಸಂಘ) ವಾರ್ಷಿಕ ಸಭೇಲಿ ನಮ್ಮ ಅಸೋಸಿಯೇಷನ್ನಿನೋರೂ ಸೇರ್ತಾರೆ, ನನ್ನ ಪೇಪರ್ ಕೇಳಿ ಪ್ರಶ್ನೆ ಹಾಕಿದೋರ ಹೆಸರುಗಳೇ ಆಮೇಲೆ ನನ್ನ ಪಟ್ಟೀಲಿ ಬಂದಿದ್ದು.

ಸುಮ್ನೆ ಚಂದಾ ಕಟ್ಟಿ ಕೂತ್ರೆ ಇದ್ಯಾವ್ದೂ ಆಗಲ್ಲ, ಅದನ್ನೂ ಹೇಳ್ಬೇಕು. ನಾನು ಕಮಿಟಿ ಕೆಲಸಕ್ಕೆ ಹೆಸರು ಕೊಟ್ಟೆ. ಪಿಎಚ್‌ಡಿ ಹುಡುಗರಿಗೆ ಪ್ರಿ-ಡಿಸರ್ಟೇಶನ್ ಫೆಲೋಸ್ ಪ್ರೋಗ್ರಾಂ ಅಂತ ಇದೆ, ಥೀಸಿಸ್ ಶುರುವಾಗೋ ಮುಂಚೇನೇ ಕರೆಸಿ ಬರವಣಿಗೆ, ಪಾಠ, ಕೆಲಸ ಹುಡುಕೋದು ಎಲ್ಲ ಹೇಳಿಕೊಡ್ತಾರೆ, ನೀವು ಪಿಎಚ್‌ಡಿ ಶುರುವಲ್ಲಿದ್ರೆ ಮೊದಲು ಅದಕ್ಕೆ ಅಪ್ಲೈ ಮಾಡಿ. ವೆಬಿನಾರ್‌ಗಳಲ್ಲಿ ಕೆಲವು ಚೆನ್ನಾಗಿರ್ತವೆ, ಕೆಲವು ನಿದ್ದೆ. ಚಂದಾ ಹೊರೆ ಏನಲ್ಲ, ಜೇಬು ಖಾಲಿ ಆಗೋದು ಕಾನ್ಫರೆನ್ಸಿನ ಹೋಟೆಲು ಬಾಡಿಗೇಲಿ.

ಊರಲ್ಲಿರೋರು ಇಂಡಿಯನ್ ಜೆರೊಂಟಾಲಜಿಕಲ್ ಅಸೋಸಿಯೇಷನ್ ನೋಡಬಹುದು, ಜೈಪುರದ್ದು, 1968ರಿಂದ ಇದೆ, ಅವರದ್ದೇ ಜರ್ನಲ್ಲೂ ಬರುತ್ತೆ. ಅದು ಬರೀ ಸೋಶಿಯಲ್ ವರ್ಕ್ ಮೇಷ್ಟ್ರುಗಳದ್ದಲ್ಲ, ಎಲ್ಲ ಥರದೋರೂ ಇರ್ತಾರೆ.

ನನ್ನ ಪ್ಲಾನ್ ಫೈಂಡರ್ ಶೀಟ್ ನೋಡಿ ಮೈಸೂರು ಕಡೆ ಎಂಎಸ್‌ಡಬ್ಲ್ಯೂ ಪಾಠ ಮಾಡೋ ನನ್ನ ಕ್ಲಾಸ್‌ಮೇಟ್ ಅದನ್ನ ತನ್ನ ಹುಡುಗರಿಗೆ ಒಗ್ಗಿಸಿಕೊಂಡಿದಾಳೆ. ಅವಳ ಶೀಟಿನ ಕಾಲ್ಪನಿಕ ಅಜ್ಜಿ ಮಗನಿಗೆ ಮನೆ ದಾನಪತ್ರ ಮಾಡಿಕೊಟ್ಟು ಬೀದಿಗೆ ಬಿದ್ದೋರು, ಹುಡುಗರು 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ದಾನಪತ್ರ ರದ್ದು ಮಾಡಿಸೋಕೆ ಎಸಿ (ಅಸಿಸ್ಟೆಂಟ್ ಕಮಿಷನರ್) ಮುಂದೆ ಹಾಕೋ ಅರ್ಜಿ ತುಂಬಬೇಕು. ನೋಡ್ಕೋತೀನಿ ಅನ್ನೋ ಷರತ್ತು ಪತ್ರದಲ್ಲಿ ಇದ್ಯಾ ಇಲ್ವಾ ಅನ್ನೋದೇ 23ನೇ ಸೆಕ್ಷನ್ನಿನ ಜಗಳ, ಸುಪ್ರೀಂ ಕೋರ್ಟ್ 2022ರಲ್ಲಿ ಷರತ್ತು ಇರಲೇಬೇಕು ಅಂದಿತ್ತು, 2025ರಲ್ಲಿ ಕಾಯ್ದೆಯನ್ನ ಹಿರಿಯರ ಪರವಾಗಿ ಉದಾರವಾಗಿ ಓದ್ಬೇಕು ಅಂತು, ಎರಡನ್ನೂ ಮುಂದಿಟ್ಕೊಂಡು ಕ್ಲಾಸಲ್ಲಿ ವಾದ ಮಾಡಿಸ್ತಾಳಂತೆ. ಆ ಶೀಟ್ ಈಗ ನಾನು ಅವಳ ಹತ್ರ ಇಸ್ಕೊಂಡಿದೀನಿ, ಮುಂದಿನ ಸೆಮಿಸ್ಟರ್‌ಗೆ.